ಹಿಂದಿನ ಸಾಲಿಗೆ ಸರಿದವರು

ಕಾಲೇಜಿನ ಕೊನೆಯ ವರ್ಷದ ಗ್ರೂಪ್ ಫೋಟೊ ತೆಗೆಯುವಾಗ, ಕುಳ್ಳಗಿದ್ದರೂ ಹಿಂದಿನ ಸಾಲಿಗೆ ಹೋಗಿ ಯಾರದೋ ಭುಜದ ಮರೆಯಲ್ಲಿ ನಿಲ್ಲುವ ಹುಡುಗಿ ಹೆಚ್ಚುಕಡಿಮೆ ಎಲ್ಲ ತರಗತಿಯಲ್ಲೂ ಇರುತ್ತಾಳೆ. ಚಿಕ್ಕಪ್ಪನ ಮಗಳ ಮದುವೆಗೆ ಇಂಟರ್ನಲ್ಸ್ ನೆಪ ಹೇಳಿ ಹಾಸ್ಟೆಲಿನಲ್ಲೇ ಉಳಿದುಬಿಡುವವಳು ಇರುತ್ತಾಳೆ. ಕೋವಿಡ್ ಕಳೆದು ವರ್ಷಗಳಾದರೂ ಮೊಡವೆಯ ಮುಖದಿಂದ ಮಾಸ್ಕ್ ಇಳಿಸದ ಹುಡುಗ, ಏಪ್ರಿಲ್ ಬಿಸಿಲಲ್ಲೂ ಟೀ ಶರ್ಟಿನ ಮೇಲೊಂದು ಜಾಕೆಟ್ ಹಾಕಿಕೊಂಡೇ ಓಡಾಡುವ ಹುಡುಗ, ಈಜು ಬಂದರೂ ಹೊಳೆಗೆ ಇಳಿಯದೆ ಎಲ್ಲರ ಬಟ್ಟೆ, ಮೊಬೈಲು ಕಾಯುತ್ತ ದಡದಲ್ಲಿ ಕೂರುವ ಹುಡುಗ, ಇವರೂ ಇರುತ್ತಾರೆ. ಮನೆಯಲ್ಲಿ ಕೇಳಿದರೆ ಒಬ್ಬಳದು ನಾಚಿಕೆ ಸ್ವಭಾವ, ಇನ್ನೊಬ್ಬಳಿಗೆ ಓದಿನ ಹುಚ್ಚು, ಮತ್ತೊಬ್ಬನಿಗೆ ಸ್ಟೈಲು. ತಮ್ಮ ಮೈಯನ್ನು ಬೇರೆಯವರ ಕಣ್ಣಿಂದ ಬಚ್ಚಿಡುವುದರಲ್ಲೇ ಇವರ ದಿನ ಸವೆಯುತ್ತಿದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಮನಶ್ಶಾಸ್ತ್ರದಲ್ಲಿ ಇದನ್ನು ಬಾಡಿ ಇಮೇಜ್‌ನ ಸಮಸ್ಯೆ ಎನ್ನುತ್ತಾರೆ. ಮೈ ಹೇಗಿದೆ ಎಂಬುದು ಒಂದು. ಅದು ಹೇಗಿದೆ ಎಂದು ನಾವು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿರುವ ಚಿತ್ರ ಇನ್ನೊಂದು. ನಮ್ಮನ್ನು ನಡೆಸುವುದು ಈ ಎರಡನೆಯದು. ನೋಡುವವರಿಗೆ ಲಕ್ಷಣವಾಗಿ ಕಾಣುವ ಹುಡುಗಿ ಒಳಗೊಳಗೇ ಕೊರಗುತ್ತಿರಬಹುದು, ಮೈ ತುಂಬಿಕೊಂಡವಳು ಯಾವ ಅಳುಕೂ ಇಲ್ಲದೆ ವೇದಿಕೆಯ ಮೇಲೆ ಕುಣಿಯಬಹುದು. ‘ನೀನು ಚೆನ್ನಾಗೇ ಇದೀಯಲ್ಲ, ಯಾಕೆ ತಲೆ ಕೆಡಿಸಿಕೊಳ್ತೀಯ’ ಎಂಬ ಸಮಾಧಾನ ಅದಕ್ಕೇ ಕೆಲಸ ಮಾಡುವುದಿಲ್ಲ. ಆ ಮಗುವಿನ ಮೈಯಲ್ಲಿ ಕೊರತೆ ಎಷ್ಟಿದೆ ಎಂದು ಅಳೆಯುವುದನ್ನು ಬಿಟ್ಟು, ಈ ಚಿಂತೆಗಾಗಿ ಅದು ಏನೇನು ತೊರೆದಿದೆ ಎಂದು ನೋಡಬೇಕು. ಹದಿನೆಂಟರಿಂದ ಇಪ್ಪತ್ತೈದರ ನಡುವೆ ಜೀವನ ಎಲ್ಲ ದಿಕ್ಕಿಗೂ ಹರಡಿಕೊಳ್ಳಬೇಕು. ಆ ವಯಸ್ಸಿನಲ್ಲೇ ಅದು ಒಂದು ಕೋಣೆಯಷ್ಟು ಕಿರಿದಾಗುತ್ತಿದ್ದರೆ ಅದನ್ನು ವಯಸ್ಸಿನ ಚೇಷ್ಟೆ ಎಂದು ತಳ್ಳಿಹಾಕುವಂತಿಲ್ಲ.

ಮೊದಲು ಹೋಗುವುದು ಗಮನ. 1997ರಲ್ಲಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆ್ಯನ್ ರಾಬರ್ಟ್ಸ್ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞೆಯರು ಒಂದು ವಿಚಾರ ಮುಂದಿಟ್ಟರು. ಸದಾ ಬೇರೆಯವರ ನೋಟಕ್ಕೆ ಗುರಿಯಾಗಿ ಬೆಳೆದ ಹೆಣ್ಣುಮಗಳು ಕೊನೆಗೆ ಆ ನೋಟವನ್ನು ತನ್ನೊಳಗೇ ಇಟ್ಟುಕೊಂಡು ತನ್ನನ್ನು ತಾನೇ ಹೊರಗಿನಿಂದ ಕಾವಲು ಕಾಯತೊಡಗುತ್ತಾಳೆ ಎಂಬುದು ಅವರ ವಾದ. ಮರುವರ್ಷ ಅವರು ಸಂಗಡಿಗರೊಡನೆ ಪ್ರಕಟಿಸಿದ ಪ್ರಯೋಗ ಬಹಳ ಸರಳವಾದದ್ದು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಈಜುಡುಗೆ, ಕೆಲವರಿಗೆ ಸ್ವೆಟರ್ ಕೊಟ್ಟರು. ಒಬ್ಬೊಬ್ಬರೇ ಒಂದು ಕೋಣೆಯಲ್ಲಿ ಅದನ್ನು ತೊಟ್ಟು, ನಿಲುವುಗನ್ನಡಿಯಲ್ಲಿ ನೋಡಿಕೊಂಡು, ಹಾಗೇ ಕುಳಿತು ಗಣಿತದ ಲೆಕ್ಕ ಮಾಡಬೇಕಿತ್ತು. ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ. ಆದರೂ ಈಜುಡುಗೆ ತೊಟ್ಟ ಹುಡುಗಿಯರು ಸ್ವೆಟರ್ ತೊಟ್ಟವರಿಗಿಂತ ಕಡಿಮೆ ಅಂಕ ಪಡೆದರು. ಹುಡುಗರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಕೆಲವು ವರ್ಷಗಳ ನಂತರ ಬೇರೆ ಸಂಶೋಧಕರು ಗಂಡಸರಿಗೂ ಮೈಗೆ ಬಿಗಿಯಾಗಿ ಅಂಟುವ ತುಂಡು ಈಜುಡುಗೆಯನ್ನೇ ಕೊಟ್ಟು ನೋಡಿದಾಗ ಅವರ ಅಂಕಗಳೂ ಇಳಿದವು. ತಲೆಯ ಒಂದು ಪಾಲು ತನ್ನ ಮೈ ಹೇಗೆ ಕಾಣುತ್ತಿದೆ ಎಂದು ಲೆಕ್ಕ ಹಾಕುತ್ತಿದ್ದರೆ ಎದುರಿನ ಲೆಕ್ಕಕ್ಕೆ ಉಳಿಯುವುದು ಮಿಕ್ಕ ಪಾಲು ಮಾತ್ರ. ದುಪಟ್ಟಾ ಸರಿಮಾಡಿಕೊಳ್ಳುತ್ತ, ಹೊಟ್ಟೆ ಒಳಗೆಳೆದುಕೊಳ್ಳುತ್ತ ಸೆಮಿನಾರ್ ಮಂಡಿಸುವ ಹುಡುಗಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಕಾವಲು ನಮ್ಮಲ್ಲಿ ಶುರುವಾಗುವುದು ಮೊಬೈಲಿಗಿಂತ ಬಹಳ ಮುಂಚೆ, ಹೆರಿಗೆ ವಾರ್ಡಿನಲ್ಲೇ. ಬಸುರಿಗೆ ಕೇಸರಿ ಹಾಕಿದ ಹಾಲು ಕುಡಿಸುವಾಗ ಮನೆಯ ಹಿರಿಯರ ಮನಸ್ಸಿನಲ್ಲಿ ಇರುವುದು ಮಗುವಿನ ಬಣ್ಣ. ಹುಟ್ಟಿದ ಮೇಲೆ ನೋಡಲು ಬಂದವರು ಕಿವಿಯ ಅಂಚನ್ನು ನೋಡಿ ಮುಂದೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಭವಿಷ್ಯ ಹೇಳುತ್ತಾರೆ. ‘ಅಮ್ಮನ ಮೂಗು ಬಂತು, ಬಣ್ಣ ಬರಲಿಲ್ಲ’ ಎಂಬ ಮಾತು ತೊಟ್ಟಿಲ ಪಕ್ಕದಲ್ಲೇ ಆಗುತ್ತದೆ. ಆಮೇಲೆ ಶಾಲೆ. ಅಲ್ಲಿ ಕರಿಯ, ಕಡ್ಡಿ, ಡುಮ್ಮಿ ಎಂಬ ಹೆಸರುಗಳು ಹಾಜರಿ ಪುಸ್ತಕದ ಹೆಸರಿಗಿಂತ ಗಟ್ಟಿಯಾಗಿ ನಿಲ್ಲುತ್ತವೆ, ಕೆಲವೊಮ್ಮೆ ಮೇಷ್ಟ್ರ ಬಾಯಲ್ಲೂ. ರಜೆಗೆ ಊರಿಗೆ ಹೋದರೆ ಬಸ್ಸಿಳಿದು ಬ್ಯಾಗು ಕೆಳಗಿಡುವ ಮೊದಲೇ ಅತ್ತೆ ಕೇಳುತ್ತಾರೆ: ‘ಏನೇ ಇಷ್ಟೊಂದು ದಪ್ಪ ಆಗಿದೀಯ?’ ಆರು ತಿಂಗಳ ಹಿಂದೆ ಅವರೇ ‘ಯಾಕೇ ಇಷ್ಟೊಂದು ಸೊರಗಿದೀಯ, ಹಾಸ್ಟೆಲಲ್ಲಿ ಊಟ ಹಾಕಲ್ವಾ’ ಎಂದು ಕೇಳಿರುತ್ತಾರೆ. ಅತ್ತೆಗೆ ಕೆಟ್ಟ ಮನಸ್ಸಿಲ್ಲ, ಬಹಳ ದಿನದ ಮೇಲೆ ಕಂಡ ಸೊಸೆಯ ಜೊತೆ ಮಾತು ಶುರುಮಾಡಲು ಅವರಿಗೆ ಗೊತ್ತಿರುವ ದಾರಿ ಅದು. ಆದರೆ ಕೇಳಿಸಿಕೊಂಡವಳಿಗೆ ತನ್ನ ಮೈ ಎಂಬುದು ಯಾರು ಬೇಕಾದರೂ ತಪಾಸಣೆ ಮಾಡಿ ಷರಾ ಬರೆಯಬಹುದಾದ ವಸ್ತು ಎಂಬ ಪಾಠ ಪಕ್ಕಾ ಆಗುತ್ತದೆ. ಮಿನೆಸೋಟಾ ವಿಶ್ವವಿದ್ಯಾಲಯದ ಡಯಾನ್ ನ್ಯೂಮಾರ್ಕ್-ಸ್ಟೈನರ್ ಮತ್ತು ಸಂಗಡಿಗರು ಸಾವಿರಾರು ಹದಿಹರೆಯದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ ಇಂಥ ಮಾತುಗಳ ಪರಿಣಾಮ ಕಾಣುತ್ತದೆ. ತೂಕದ ಬಗ್ಗೆ ಛೇಡಿಸಿಕೊಂಡವರು ಮುಂದೆ ಊಟ ಬಿಡುವುದು, ಮಿತಿಮೀರಿ ತಿನ್ನುವುದು ಇಂಥ ಅಭ್ಯಾಸಗಳಿಗೆ ಹೆಚ್ಚಾಗಿ ಬೀಳುತ್ತಾರೆ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಹದಿಹರೆಯದಲ್ಲಿ ಡಯೆಟ್ ಮಾಡಿದವರು ಐದು, ಹತ್ತು ವರ್ಷಗಳ ನಂತರ ಮಾಡದವರಿಗಿಂತ ಹೆಚ್ಚು ತೂಕ ಗಳಿಸಿದ್ದರು.

ಹಾಗೇಕೆ ಆಗುತ್ತದೆ? ಅರ್ಥ ಮಾಡಿಕೊಳ್ಳಲು ಅದೇ ವಿಶ್ವವಿದ್ಯಾಲಯದ ಇನ್ನೊಂದು, ಇನ್ನೂ ಹಳೆಯ ಪ್ರಯೋಗಕ್ಕೆ ಹೋಗಬೇಕು. 1944ರ ಕೊನೆಯಲ್ಲಿ, ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, ಹಸಿವಿನಿಂದ ಬಳಲಿದ ಯುರೋಪಿನ ಜನರಿಗೆ ಮತ್ತೆ ಊಟ ಹೇಗೆ ಕೊಡಬೇಕೆಂದು ತಿಳಿಯಲು ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಆರಿಸಿಕೊಂಡರು. ಎಲ್ಲರೂ ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದೆ, ಬದಲಿಗೆ ಈ ಸೇವೆಗೆ ತಾವಾಗಿ ಬಂದವರು. 24 ವಾರ ಅವರಿಗೆ ದಿನಕ್ಕೆ ಸುಮಾರು 1570 ಕ್ಯಾಲೊರಿ ಆಹಾರ. ವಾರಕ್ಕೆ 22 ಮೈಲಿ ನಡಿಗೆ. ತೂಕ ಕಾಲುಭಾಗ ಇಳಿಯಿತು. ಆದರೆ ಇಳಿದದ್ದು ತೂಕವೊಂದೇ ಆಗಿರಲಿಲ್ಲ. ಲವಲವಿಕೆಯ ಹುಡುಗರು ಸಿಡುಕರಾದರು, ಮಂಕಾದರು, ಸ್ನೇಹಿತರಿಂದ ದೂರ ಸರಿದರು, ಪ್ರೀತಿ ಪ್ರೇಮದಲ್ಲಿ ಆಸಕ್ತಿ ಕಳೆದುಕೊಂಡರು. ಹಗಲೂ ರಾತ್ರಿ ಊಟದ್ದೇ ಯೋಚನೆ. ಅಡುಗೆಯಲ್ಲಿ ಎಂದೂ ಆಸಕ್ತಿಯಿರದವರು ಅಡುಗೆ ಪುಸ್ತಕ ಕೂಡಿಡತೊಡಗಿದರು, ತಟ್ಟೆಯಲ್ಲಿದ್ದ ಚೂರನ್ನು ಗಂಟೆಗಟ್ಟಲೆ ಎಳೆದಾಡಿ ತಿಂದರು. ಪ್ರಯೋಗ ಮುಗಿದು ಹೊಟ್ಟೆತುಂಬ ಊಟ ಕೊಟ್ಟಾಗ ಕೆಲವರಿಗೆ ತಿನ್ನುವುದನ್ನು ನಿಲ್ಲಿಸಲಾಗಲಿಲ್ಲ. ಮನಸ್ಸಿನ ಕಾಯಿಲೆ ಇಲ್ಲದ, ಸೌಂದರ್ಯದ ಚಿಂತೆಯೂ ಇಲ್ಲದ ಗಂಡಸರಿಗೆ ಬರೀ ಅರೆಹೊಟ್ಟೆಯಿಂದ ಇಷ್ಟಾಯಿತು.

ಇವತ್ತು ಯೂಟ್ಯೂಬ್ ನೋಡಿ ಅದಕ್ಕಿಂತ ಕಡಿಮೆ ಕ್ಯಾಲೊರಿಯ ಚಾರ್ಟ್ ಹಿಡಿದಿರುವ ಪಿಜಿಯ ಹುಡುಗಿಯನ್ನು ನೆನೆಯಿರಿ. ಬೆಳಿಗ್ಗೆ ಬಿಸಿನೀರಿಗೆ ನಿಂಬೆ, ಜೇನುತುಪ್ಪ. ತಿಂಡಿ ಇಲ್ಲ. ಮಧ್ಯಾಹ್ನ ಒಂದು ಚಪಾತಿ. ‘ರಾತ್ರಿ ಅನ್ನ ಬಿಟ್ಟಿದೀನಿ’ ಎಂದು ಹೆಮ್ಮೆಯಿಂದ ಹೇಳುತ್ತಾಳೆ, ಕೇಳಿದವರು ಶಹಭಾಸ್ ಎನ್ನುತ್ತಾರೆ. ರಾತ್ರಿ ಹನ್ನೊಂದಕ್ಕೆ ತಡೆಯಲಾರದೆ ಒಂದು ದೊಡ್ಡ ಪ್ಯಾಕೆಟ್ ಚಿಪ್ಸ್ ಒಂದೇ ಸಮ ತಿಂದು, ತನ್ನ ಬಾಯಿಚಪಲಕ್ಕೆ ತಾನೇ ಹೇಸಿ, ನಾಳೆ ಪೂರ್ತಿ ಉಪವಾಸ ಎಂದು ಆಣೆ ಹಾಕಿಕೊಳ್ಳುತ್ತಾಳೆ. ಅದು ಬಾಯಿಚಪಲವಲ್ಲ ತಾಯಿ, ಹಸಿವು. ಕ್ಷಾಮ ಬಂದಿದೆ ಎಂದುಕೊಂಡ ಶರೀರ ತನ್ನ ಕೆಲಸ ಮಾಡುತ್ತಿದೆ. ಉಪವಾಸ, ಹಿಡಿತ ತಪ್ಪಿದ ತಿನ್ನುವಿಕೆ, ನಾಚಿಕೆ, ಮತ್ತೆ ಉಪವಾಸ ಎಂಬ ಈ ಸುತ್ತಿನಲ್ಲಿ ಸಿಕ್ಕವರಲ್ಲಿ ಹಲವರು ಅಲ್ಲಿಗೇ ನಿಲ್ಲುತ್ತಾರೆ, ಕೆಲವರು ಮುಂದೆ ದಪ್ಪಗಾಗುವ ಭಯಕ್ಕೆ ಊಟವನ್ನೇ ತೊರೆಯುವ ಅನೊರೆಕ್ಸಿಯಾ, ಮಿತಿಮೀರಿ ತಿಂದು ಕಕ್ಕುವ ಬುಲೀಮಿಯಾದಂಥ ಗಂಭೀರ ಕಾಯಿಲೆಗೆ ಜಾರುತ್ತಾರೆ. ಮಾನಸಿಕ ಕಾಯಿಲೆಗಳಲ್ಲಿ ಸಾವಿನ ಪ್ರಮಾಣ ಅತಿ ಹೆಚ್ಚಿರುವವುಗಳಲ್ಲಿ ಅನೊರೆಕ್ಸಿಯಾ ಒಂದು. ನಮ್ಮಲ್ಲಿ ಅದನ್ನು ಗುರುತಿಸುವುದು ಇನ್ನೂ ಕಷ್ಟ. ಸೋಮವಾರದ ಒಪ್ಪೊತ್ತು, ಏಕಾದಶಿ, ಸಂಕಷ್ಟಿ ಎಂದು ಊಟ ಬಿಡುವುದಕ್ಕೆ ಮನೆಯಲ್ಲಿ ಗೌರವವಿದೆ. ಭಕ್ತಿಯಿಂದ ಮಾಡುವ ವ್ರತಕ್ಕೆ ನನ್ನ ತಕರಾರಿಲ್ಲ. ವಾರದಲ್ಲಿ ವ್ರತದ ದಿನಗಳು ಹೆಚ್ಚುತ್ತ ಹೋದಾಗ, ಮುಟ್ಟು ತಪ್ಪಿದಾಗ, ಕೂದಲು ಉದುರಿದಾಗ ಅಮ್ಮಂದಿರು ಒಂದು ಕ್ಷಣ ನಿಂತು ನೋಡಬೇಕು.

ಇದರ ಜೊತೆಗೆ ನಮ್ಮ ದೇಶದ ಅಂಕಿಗಳನ್ನಿಟ್ಟು ನೋಡಿದರೆ ಸಂಕಟವಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಶೇ 18.7 ಮಂದಿ ಇರಬೇಕಾದ್ದಕ್ಕಿಂತ ತೆಳ್ಳಗಿದ್ದಾರೆ, ಶೇ 24 ಮಂದಿಯ ತೂಕ ಹೆಚ್ಚು. ಬೊಜ್ಜು ನಿಜವಾದ ತೊಂದರೆ. ಅದರಿಂದ ಬರುವ ಸಕ್ಕರೆ ಕಾಯಿಲೆ, ರಕ್ತದೊತ್ತಡ ಸುಳ್ಳಲ್ಲ. ಪಿಸಿಓಡಿ ಇರುವ ಹುಡುಗಿಗೆ ತೂಕದ ಮಾತು ವೈದ್ಯರು ಹೇಳಲೇಬೇಕಾಗುತ್ತದೆ. ಆದರೆ ನಾಚಿಕೆಯಿಂದ ತೂಕ ಇಳಿಸಲು ಹೊರಟವರು ಮೊದಲು ಕೈಬಿಡುವುದು ಕಾಳು, ಮೊಟ್ಟೆ, ಹಾಲು. ಮೊದಲು ತಪ್ಪಿಸುವುದು ಆಟದ ಮೈದಾನ. ಎಲ್ಲರೆದುರು ಓಡಿದರೆ ಮೈ ಕುಲುಕುತ್ತದೆ, ನೋಡಿ ನಗುತ್ತಾರೆ ಎಂಬ ಭಯಕ್ಕೆ ವಾಲಿಬಾಲ್ ಬಿಟ್ಟವಳ ಆರೋಗ್ಯ ಸುಧಾರಿಸುವುದಾದರೂ ಹೇಗೆ?

ಇನ್ನು ಬಣ್ಣ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. 2009ರಲ್ಲಿ ಚೆನ್ನೈನ ವಿಮೆನ್ ಆಫ್ ವರ್ತ್ ಸಂಸ್ಥೆ ‘ಡಾರ್ಕ್ ಈಸ್ ಬ್ಯೂಟಿಫುಲ್’ ಅಭಿಯಾನ ಶುರುಮಾಡಿತ್ತು. ನಟಿ ನಂದಿತಾ ದಾಸ್ ಅದಕ್ಕೆ ದನಿಗೂಡಿಸಿದ್ದರು. ಕಪ್ಪು ಮೈಬಣ್ಣದವರನ್ನು ಹೀನವಾಗಿ ತೋರಿಸುವ ಜಾಹೀರಾತು ಕೂಡದೆಂದು 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ ನಿಯಮ ಮಾಡಿತು. ಇವೆಲ್ಲ ಒಳ್ಳೆಯವೇ. ಆದರೆ ಹೆಚ್ಚಿನ ಅಪಾಯ ಇರುವುದು ಟಿವಿಯಲ್ಲಿ ಕಾಣದ ಟ್ಯೂಬುಗಳಲ್ಲಿ. ಬೀಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್‌ನಂಥ ಸ್ಟೆರಾಯ್ಡ್ ಇರುವ ಮುಲಾಮುಗಳು ಚರ್ಮದ ಕಾಯಿಲೆಗೆ ವೈದ್ಯರು ಬರೆಯುವ ಔಷಧಿಗಳು. ಬಂಗು ಹೋಗಲೆಂದು ಪಕ್ಕದ ಮನೆಯವರು ತಂದಿದ್ದನ್ನೋ, ಮೆಡಿಕಲ್ ಶಾಪಿನವರು ಕೊಟ್ಟಿದ್ದನ್ನೋ ಹುಡುಗಿಯರು, ಈಗ ಹುಡುಗರೂ, ಕ್ರೀಮಿನಂತೆ ದಿನಾ ಹಚ್ಚುತ್ತಾರೆ. ಸ್ಟೆರಾಯ್ಡ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಬಣ್ಣ ತಯಾರಿಸುವ ಜೀವಕೋಶಗಳ ಕೆಲಸ ತಗ್ಗಿಸುತ್ತದೆ. ಹೀಗಾಗಿ ಮೊದಲ ವಾರಗಳಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ನಾಲ್ಕು ಜನ ಹೊಗಳುತ್ತಾರೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ಕೆಂಪು ನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ. ನಿಲ್ಲಿಸಿದರೆ ಉರಿ ತಾಳಲಾಗದೆ ಮತ್ತೆ ಹಚ್ಚಬೇಕು. ಚರ್ಮರೋಗ ತಜ್ಞರ ಸಂಘ ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಾದರಸ ಬೆರೆತ ಬಿಳುಪು ಕ್ರೀಮುಗಳ ಕಥೆ ಇನ್ನೂ ಭಯಂಕರ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಕೆಲವು ರೋಗಿಗಳ ಮೂತ್ರಪಿಂಡದ ಕಾಯಿಲೆಗೆ ಮೂಲ ಹುಡುಕುತ್ತ ಹೋಗಿ ತಲುಪಿದ್ದು ಇಂಥ ಕ್ರೀಮುಗಳ ಡಬ್ಬಿಗೆ. ಎಣ್ಣೆಗೆಂಪು ಬಣ್ಣದ ಆರೋಗ್ಯವಂತ ಹುಡುಗಿಯೊಬ್ಬಳು ಬಿಸಿಲಿನಿಂದ ತನ್ನನ್ನು ಕಾಯುವ ಮೆಲನಿನ್‌ನ ಮೇಲೆ ಯುದ್ಧ ಹೂಡಿ ಮೂತ್ರಪಿಂಡವನ್ನು ಕಳೆದುಕೊಳ್ಳುವ ಹಾಗಾದರೆ, ಅದರಲ್ಲಿ ‘ಹುಡುಗಿ ಬಣ್ಣ ಸ್ವಲ್ಪ ಕಮ್ಮಿ’ ಎಂದು ಸಂಬಂಧ ತಿರುಗಿಸಿದವರ ಪಾಲೂ ಇದೆ ಎಂದೇ ನಾನು ನಂಬಿದ್ದೇನೆ.

ಹುಡುಗರ ಬಗ್ಗೆ ನಾವು ಇನ್ನೂ ಸರಿಯಾಗಿ ಮಾತು ಶುರುಮಾಡಿಲ್ಲ. ಅವರು ಹೇಳಿಕೊಳ್ಳುವುದಿಲ್ಲ, ನಾವು ಕೇಳುವುದಿಲ್ಲ. ರಾಜ್ ಬಿ. ಶೆಟ್ಟಿ 2017ರಲ್ಲಿ ಬೋಳುತಲೆಯ ಯುವಕನ ಬಗೆಗಿನ ‘ಒಂದು ಮೊಟ್ಟೆಯ ಕಥೆ’ ಮಾಡಿದಾಗ ಚಿತ್ರಮಂದಿರದಲ್ಲಿ ನಕ್ಕವರಲ್ಲಿ ಎಷ್ಟೋ ಯುವಕರು ಆಮೇಲೆ ಒಬ್ಬರೇ ಇದ್ದಾಗ ತಮ್ಮ ನೆತ್ತಿ ಮುಟ್ಟಿ ನೋಡಿಕೊಂಡಿರಬೇಕು. ಇಪ್ಪತ್ತೆರಡಕ್ಕೆ ಕೂದಲು ತೆಳುವಾದ ಹುಡುಗ ಹೆಣ್ಣು ನೋಡುವ ಶಾಸ್ತ್ರ ನೆನೆದು ನಿದ್ದೆಗೆಡುತ್ತಾನೆ. ಇನ್ನು ಮೈಕಟ್ಟು. 2007ರ ‘ಓಂ ಶಾಂತಿ ಓಂ’ನಲ್ಲಿ ಶಾರುಖ್, ಮರುವರ್ಷ ‘ಗಜಿನಿ’ಯಲ್ಲಿ ಆಮಿರ್ ಹೊಟ್ಟೆಯ ಗೆರೆಗಳನ್ನು ತೋರಿಸಿದ ಮೇಲೆ ಸಿಕ್ಸ್ ಪ್ಯಾಕ್ ಎಂಬುದು ತಾಲ್ಲೂಕು ಕೇಂದ್ರದ ಜಿಮ್‌ವರೆಗೂ ಬಂತು. ಸಿನಿಮಾದ ಆ ಒಂದು ದೃಶ್ಯಕ್ಕಾಗಿ ನಟರು ತಿಂಗಳುಗಟ್ಟಲೆ ತರಬೇತುದಾರರನ್ನಿಟ್ಟುಕೊಂಡು ದುಡಿಯುತ್ತಾರೆ, ಚಿತ್ರೀಕರಣದ ಹೊತ್ತಿಗೆ ನೀರು, ಉಪ್ಪು ಕಡಿಮೆ ಮಾಡುವುದೂ ಉಂಟು. ಅದು ಕೆಲವು ದಿನದ ಮೈ. ಅದನ್ನು ವರ್ಷವಿಡೀ ಇರಬೇಕಾದ ಮೈ ಎಂದು ನಂಬಿದ ಹುಡುಗ ಪ್ರೋಟೀನ್ ಪುಡಿಯಿಂದ ಶುರುಮಾಡಿ, ಯಾರದೋ ಸಲಹೆಯ ಮೇಲೆ ಗಂಡು ಹಾರ್ಮೋನಿನ ಸ್ಟೆರಾಯ್ಡ್ ಇಂಜೆಕ್ಷನ್‌ಗೆ ಬರುತ್ತಾನೆ. ಹೊರಗಿನಿಂದ ಗಂಡು ಹಾರ್ಮೋನು ಬಂದಾಗ ಶರೀರ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ, ಕೆಲವರಿಗೆ ಎದೆ ಹೆಣ್ಣಿನಂತೆ ಉಬ್ಬುತ್ತದೆ. ಹೃದಯದ ಸ್ನಾಯು ದಪ್ಪಗಾಗುತ್ತದೆ, ಕೊಲೆಸ್ಟರಾಲ್ ಹದ ತಪ್ಪುತ್ತದೆ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ 1990ರ ದಶಕದಲ್ಲಿ ಇಂಥ ಯುವಕರಲ್ಲಿ ಕೆಲವರನ್ನು ಹತ್ತಿರದಿಂದ ನೋಡಿ ಒಂದು ವಿಚಿತ್ರ ಗುರುತಿಸಿದರು. ಹುರಿಗಟ್ಟಿದ ಮೈಯಿದ್ದರೂ ತಾವು ನರಪೇತಲರು ಎಂದೇ ಅವರು ನಂಬಿದ್ದರು. ಅನೊರೆಕ್ಸಿಯಾದ ತಿರುಗುಮುರುಗಾದ ಈ ಸ್ಥಿತಿಗೆ ಮಸಲ್ ಡಿಸ್ಮಾರ್ಫಿಯಾ ಎಂದು ಹೆಸರು.

ಗರಡಿಮನೆಯನ್ನು ಇಲ್ಲಿ ನೆನೆಯಬೇಕು. ಮೈಸೂರು, ದಾವಣಗೆರೆಯ ಪೈಲ್ವಾನರಿಗೆ ಹೊಟ್ಟೆಯ ಮೇಲೆ ಗೆರೆ ಮೂಡಬೇಕೆಂಬ ಹಟವಿರಲಿಲ್ಲ. ಮಟ್ಟಿಯಲ್ಲಿ ಎದುರಾಳಿಯನ್ನು ಚಿತ್ ಮಾಡುವ ಕಸುವಿದೆಯೇ, ಬಸ್ಕಿ ಎಷ್ಟು ಹೊಡೆಯುತ್ತಾನೆ ಎಂಬುದೇ ಲೆಕ್ಕ. ಗರಡಿಮನೆಗಳಿಗೂ ಅವುಗಳದೇ ಆದ ಕಟ್ಟುಪಾಡುಗಳಿದ್ದವು, ಹೆಣ್ಣಿಗೆ ಅಲ್ಲಿ ಪ್ರವೇಶವಿರಲಿಲ್ಲ; ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಮೈ ಏನು ಮಾಡಬಲ್ಲದು ಎಂಬ ಪ್ರಶ್ನೆ ಮೈ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗಿಂತ ಮನಸ್ಸಿಗೆ ಹಿತ ಎಂಬುದಕ್ಕೆ ಈಗ ಪ್ರಯೋಗದ ಆಧಾರವೂ ಇದೆ. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಜೆಸಿಕಾ ಅಲೆವಾ ತಮ್ಮ ದೇಹದ ಬಗ್ಗೆ ಬೇಸರವಿದ್ದ 18ರಿಂದ 30 ವಯಸ್ಸಿನ ಯುವತಿಯರಿಂದ ಕೆಲವು ಸಲ ಬರೆಯಿಸಿದರು: ನಿನ್ನ ಮೈ ಏನೇನು ಮಾಡುತ್ತದೆ, ಅದು ನಿನಗೇಕೆ ಮುಖ್ಯ? ನಡೆಯುವುದು, ಗಾಯ ಮಾಯುವುದು, ಅಪ್ಪಿಕೊಳ್ಳುವುದು, ಹಾಡುವುದು, ನಿದ್ರಿಸುವುದು, ಹೀಗೆ ಏನು ಬೇಕಾದರೂ ಬರೆಯಬಹುದು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹೀಗೆ ಬರೆದವರು ಬೇರೆ ವಿಷಯ ಬರೆದವರಿಗಿಂತ ತಮ್ಮ ಮೈಯ ಬಗ್ಗೆ ಹೆಚ್ಚು ಸಮಾಧಾನ ತೋರಿಸಿದರು. ಪೆನ್ನು, ಕಾಗದ ಬಿಟ್ಟರೆ ಬೇರೆ ಖರ್ಚಿಲ್ಲದ ಇದನ್ನು ನಮ್ಮ ಕಾಲೇಜುಗಳ ಎನ್ನೆಸ್ಸೆಸ್ ಶಿಬಿರಗಳಲ್ಲಿ ಮಾಡಲು ಏನೂ ಅಡ್ಡಿಯಿಲ್ಲ.

ಪರದೆಯ ವಿಷಯಕ್ಕೆ ಬರೋಣ. ಪರದೆಯೊಂದು ಬಂದು ಇಡೀ ಸಮಾಜದ ಕಣ್ಣನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಫಿಜಿ ದ್ವೀಪಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಲ್ಲೂ ನಮ್ಮ ಅಜ್ಜಿಯರ ಕಾಲದಂತೆ ಮೈಕೈ ತುಂಬಿಕೊಂಡಿರುವುದೇ ಚೆಲುವು. ಯಾರಾದರೂ ಸೊರಗಿದರೆ ಅವರನ್ನು ನೋಡಿಕೊಳ್ಳುವವರಿಲ್ಲವೇನೋ ಎಂದು ಜನ ಮರುಗುತ್ತಿದ್ದರು. ನಾಡ್ರೋಗಾ ಎಂಬ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಹಾರ್ವರ್ಡ್‌ನ ಆ್ಯನ್ ಬೆಕರ್ ಆಗಲೇ ಅಲ್ಲಿನ ಶಾಲಾ ಹುಡುಗಿಯರ ಸಮೀಕ್ಷೆ ಮಾಡಿದ್ದರು, ಮೂರು ವರ್ಷದ ನಂತರ ಮತ್ತೆ ಮಾಡಿದರು. ಊಟದ ಬಗ್ಗೆ ಅನಾರೋಗ್ಯಕರ ಧೋರಣೆ ತೋರಿಸುವವರು ಶೇ 12.7ರಿಂದ ಶೇ 29.2ಕ್ಕೆ ಏರಿದ್ದರು. ತೂಕಕ್ಕಾಗಿ ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ. 1998ರಲ್ಲಿ ಶೇ 11.3 ಹುಡುಗಿಯರು ಹಾಗೆ ಮಾಡುತ್ತಿದ್ದರು.

ಟಿವಿಯಲ್ಲಿ ಕಾಣುತ್ತಿದ್ದವರು ದೂರದವರು, ನಟಿಯರು. ಇನ್‌ಸ್ಟಾಗ್ರಾಮ್‌ನಲ್ಲಿ ಕಾಣುವವಳು ಪಕ್ಕದ ಬೆಂಚಿನವಳು. ಮನುಷ್ಯ ತನ್ನನ್ನು ಅಳೆದುಕೊಳ್ಳುವುದು ತನ್ನಂಥವರ ಜೊತೆಗೆ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲೇ ಹೇಳಿದ್ದರು. ಹಾಗಾಗಿ ಫಿಲ್ಟರ್ ಹಾಕಿದ ಗೆಳತಿಯ ಮುಖ ಐಶ್ವರ್ಯಾ ರೈ ಮುಖಕ್ಕಿಂತ ಹೆಚ್ಚು ಚುಚ್ಚುತ್ತದೆ. ಇನ್‌ಸ್ಟಾಗ್ರಾಮ್ ನಡೆಸುವ ಕಂಪನಿಯದೇ ಆಂತರಿಕ ಸಂಶೋಧನೆ 2021ರಲ್ಲಿ ಫ್ರಾನ್ಸಿಸ್ ಹೌಗೆನ್ ಎಂಬ ಮಾಜಿ ಉದ್ಯೋಗಿಯ ಮೂಲಕ ಹೊರಬಂದಾಗ, ಮೈಯ ಬಗ್ಗೆ ಮೊದಲೇ ಅಸಮಾಧಾನವಿದ್ದ ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬಳಿಗೆ ಇದರಿಂದ ಅದು ಹೆಚ್ಚಾಗುತ್ತದೆ ಎಂಬುದು ಅವರಿಗೇ ಗೊತ್ತಿತ್ತೆಂದು ಬಯಲಾಯಿತು. ಕ್ಯಾಮೆರಾ ಕೂಡ ಮೋಸ ಮಾಡುತ್ತದೆ. ಮುಖದಿಂದ ಒಂದಡಿ ದೂರದಲ್ಲಿ ಹಿಡಿದು ತೆಗೆದ ಸೆಲ್ಫಿಯಲ್ಲಿ ಮೂಗು ಇರುವುದಕ್ಕಿಂತ ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆ ಎಂದು ಅಮೆರಿಕದ ಶಸ್ತ್ರಚಿಕಿತ್ಸಕರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹತ್ತಿರದ ವಸ್ತು ದೊಡ್ಡದಾಗಿ ಕಾಣುವ ಮಾಮೂಲಿ ನಿಯಮ ಅದು, ಬೇರೇನೂ ಅಲ್ಲ. ಆ ಮೂಗನ್ನೇ ತನ್ನ ಮೂಗೆಂದು ನಂಬಿ ಆಪರೇಷನ್ ಕೇಳಿಕೊಂಡು ಹೋಗುವ ಮಕ್ಕಳಿದ್ದಾರೆ.

ಜಾಹೀರಾತುಗಳಲ್ಲಿ ತಿದ್ದಿದ ಫೋಟೊಗಳ ಮೇಲೆ ‘ಇದು ತಿದ್ದಿದ್ದು’ ಎಂದು ಬರೆಯಬೇಕೆಂದು ಫ್ರಾನ್ಸ್, ನಾರ್ವೆಯಂಥ ದೇಶಗಳು ಕಾನೂನು ಮಾಡಿವೆ. ಉದ್ದೇಶ ಒಳ್ಳೆಯದಾದರೂ, ಹಾಗೆ ಬರೆದದ್ದರಿಂದ ನೋಡುವವರ ಅಸಮಾಧಾನ ತಗ್ಗುವುದಿಲ್ಲವೆಂದು ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ತಿದ್ದಿದ್ದೆಂದು ಗೊತ್ತಿದ್ದೂ ಮನಸ್ಸು ಹೋಲಿಸುತ್ತದೆ. ನೋಡುವ ಹೊತ್ತು ಇಳಿಸುವುದರಲ್ಲಿ ಹೆಚ್ಚು ಫಲವಿದೆ. ಕೆನಡಾದಲ್ಲಿ 17ರಿಂದ 25 ವಯಸ್ಸಿನ 220 ವಿದ್ಯಾರ್ಥಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ವಾರ ದಿನಕ್ಕೆ ಒಂದು ಗಂಟೆಗೆ ಸೋಷಿಯಲ್ ಮೀಡಿಯಾ ಸೀಮಿತಗೊಳಿಸಿದವರಿಗೆ ತಮ್ಮ ರೂಪದ ಬಗ್ಗೆ, ತೂಕದ ಬಗ್ಗೆ ಇದ್ದ ಅಭಿಪ್ರಾಯ ಗಮನಾರ್ಹವಾಗಿ ಸುಧಾರಿಸಿತು. ಪೂರ್ತಿ ಬಿಡಬೇಕಾಗಿಲ್ಲ, ಮೊಬೈಲು ಕಸಿದುಕೊಂಡು ರಂಪ ಮಾಡಬೇಕಾಗಿಯೂ ಇಲ್ಲ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕನ್ನಡ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಆ ಸುದ್ದಿಯ ಕೆಳಗೆ ಜನ ಬರೆದ ಮಾತುಗಳನ್ನು ಓದಿ ಹೊಟ್ಟೆ ತೊಳಸಿತು. ‘ಇದೆಲ್ಲ ಬೇಕಿತ್ತಾ’ ಎಂದು ಕೇಳಿದವರು ಇದ್ದರು. ಪರದೆಯ ಮೇಲೆ ತೆಳ್ಳಗಿನವರನ್ನೇ ಮೆಚ್ಚಿ, ಸ್ವಲ್ಪ ಮೈ ಬಂದವರ ಪೋಸ್ಟಿನ ಕೆಳಗೆ ಗೇಲಿ ಬರೆಯುವ ನಾವೇ ಆ ಪ್ರಶ್ನೆ ಕೇಳುವುದು ಎಷ್ಟು ನ್ಯಾಯ? 2025ರಲ್ಲಿ ಮೌಂಜಾರೊ, ವೆಗೋವಿಯಂಥ ತೂಕ ಇಳಿಸುವ ಇಂಜೆಕ್ಷನ್‌ಗಳೂ ನಮ್ಮ ದೇಶಕ್ಕೆ ಬಂದಿವೆ. ನಿಜವಾದ ಬೊಜ್ಜಿನ ರೋಗಿಗೆ, ವೈದ್ಯರ ಕಣ್ಗಾವಲಿನಲ್ಲಿ ಅವು ವರದಾನವೇ. ಮದುವೆಗೆ ಮೊದಲು ನಾಲ್ಕು ಕಿಲೊ ಇಳಿಸಲು ಅವನ್ನು ಚುಚ್ಚಿಕೊಳ್ಳುವುದು ಬೇರೆಯೇ ಮಾತು.

ಶಸ್ತ್ರಚಿಕಿತ್ಸೆ, ಕ್ರೀಮು, ಇಂಜೆಕ್ಷನ್ ಯಾವುದೂ ಮುಟ್ಟಲಾರದ ಒಂದು ಸ್ಥಿತಿಯಿದೆ, ಅದನ್ನು ಎಲ್ಲ ತಂದೆತಾಯಿಯರೂ ತಿಳಿದಿರಬೇಕು. ಬೇರೆಯವರಿಗೆ ಕಾಣದ ಅಥವಾ ಕಂಡರೂ ಲೆಕ್ಕಕ್ಕೇ ಬಾರದ ದೋಷವೊಂದು ಮಗುವಿನ ತಲೆಯನ್ನೆಲ್ಲ ತುಂಬಿಕೊಳ್ಳುತ್ತದೆ. ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಮುಂದೆ, ಇಲ್ಲವೇ ಕನ್ನಡಿ ಕಂಡರೇ ಭಯ. ‘ನನ್ನ ದವಡೆ ಸೊಟ್ಟ ಇದೆ ಅಲ್ವಾ’ ಎಂದು ಅದೇ ಪ್ರಶ್ನೆ ನೂರು ಸಲ. ಇದು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್, ನೂರಕ್ಕೆ ಸುಮಾರು ಇಬ್ಬರಲ್ಲಿ ಇರುತ್ತದೆ, ಹದಿಹರೆಯದಲ್ಲಿ ಶುರುವಾಗುವುದೇ ಹೆಚ್ಚು. ಆತ್ಮಹತ್ಯೆಯ ಯೋಚನೆಗಳು ಇವರಲ್ಲಿ ಸಾಮಾನ್ಯ, ಆದ್ದರಿಂದ ಇದನ್ನು ಹಗುರಾಗಿ ಕಾಣುವ ಹಾಗಿಲ್ಲ. ಇವರು ಚರ್ಮದ ವೈದ್ಯರಿಂದ ಹಲ್ಲಿನ ವೈದ್ಯರಿಗೆ, ಅಲ್ಲಿಂದ ಕಾಸ್ಮೆಟಿಕ್ ಕ್ಲಿನಿಕ್ಕಿಗೆ ಅಲೆಯುತ್ತಾರೆ. ಎಷ್ಟು ತಿದ್ದಿಸಿದರೂ ಸಮಾಧಾನ ಸಿಗುವುದಿಲ್ಲ, ಒಂದು ದೋಷ ಹೋದರೆ ಇನ್ನೊಂದು ಎದ್ದು ನಿಲ್ಲುತ್ತದೆ. ಸಿಗಬೇಕಾದ ಚಿಕಿತ್ಸೆ ಮಾತ್ರ ಸಿಕ್ಕಿದರೆ ಹೆಚ್ಚಿನವರು ಸುಧಾರಿಸುತ್ತಾರೆ. ಯೋಚನೆ ಮತ್ತು ನಡವಳಿಕೆಯನ್ನು ಹಂತಹಂತವಾಗಿ ತಿದ್ದುವ ಸಿಬಿಟಿ ಎಂಬ ಆಪ್ತಸಮಾಲೋಚನೆ, ಬೇಕಾದವರಿಗೆ ಗೀಳಿನ ಕಾಯಿಲೆಗೆ ಕೊಡುವ ಎಸ್ಎಸ್ಆರ್‌ಐ ಮಾತ್ರೆಗಳು. ಸಿಬಿಟಿಯಲ್ಲಿ ಕೊಡುವ ಹೋಂವರ್ಕ್ ಮುಖದ ಬಗ್ಗೆ ಇರುವುದಿಲ್ಲ. ಈ ವಾರ ಟೋಪಿಯಿಲ್ಲದೆ ಅಂಗಡಿಗೆ ಹೋಗಿ ಹಾಲು ತಾ, ಮುಂದಿನ ವಾರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕಾಲೇಜಿಗೆ ಹೋಗು, ಹೀಗೆ ಬಿಟ್ಟುಕೊಟ್ಟ ಜಾಗಗಳನ್ನು ಒಂದೊಂದಾಗಿ ಹಿಂದಕ್ಕೆ ಪಡೆಯುವ ಕೆಲಸ ಅದು.

ದಪ್ಪ, ತೆಳ್ಳಗೆ, ಕಪ್ಪು, ಬಿಳಿ ಎಂಬ ಮಾತಿಲ್ಲದೆ ಮಕ್ಕಳನ್ನು ಮಾತಾಡಿಸುವುದು ನಮಗೆ ಕಷ್ಟವೇನಲ್ಲ. ಏನು ಓದುತ್ತಿದ್ದೀಯ, ಆ ನಿನ್ನ ಗೆಳತಿ ಹೇಗಿದ್ದಾಳೆ, ರಾತ್ರಿ ಏನು ಮಾಡಲಿ ಊಟಕ್ಕೆ ಎಂದು ಕೇಳಬಹುದು. ಅಮ್ಮ ತನ್ನ ಮೈಯನ್ನೇ ಹಳಿದುಕೊಳ್ಳುವುದನ್ನು ಮಗಳು ಕೇಳಿಸಿಕೊಳ್ಳುತ್ತಿರುತ್ತಾಳೆ, ಅದನ್ನೂ ಬಿಡಬೇಕು. ಮಗ ಜಿಮ್‌ನಿಂದ ತಂದ ಡಬ್ಬಿಯಲ್ಲಿ ಏನಿದೆ ಎಂದು ಅಪ್ಪ ಸಿಟ್ಟಿಲ್ಲದೆ ಕೇಳಬೇಕು. ಊಟ, ಮುಟ್ಟು, ನಿದ್ದೆ, ಕಾಲೇಜಿಗೆ ಹೋಗುವುದು, ಇವುಗಳಲ್ಲಿ ಯಾವುದಾದರೂ ವಾರಗಟ್ಟಲೆ ತಪ್ಪಿದರೆ ವೈದ್ಯರ ಹತ್ತಿರ ಹೋಗುವುದಕ್ಕೆ ಅಷ್ಟು ಕಾರಣ ಸಾಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ದೂರವಾದರೆ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಕೆಲಸ ಮಾಡುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮೇಲುಸ್ತುವಾರಿಯ ಕೇಂದ್ರ. ಕಾಯಿಲೆಯ ಹೆಸರು ಗೊತ್ತಿರಬೇಕೆಂದೇನೂ ಇಲ್ಲ. ‘ಮಗಳು ಮೂರು ವಾರದಿಂದ ಸರಿಯಾಗಿ ಊಟ ಮಾಡುತ್ತಿಲ್ಲ’ ಎಂದು ತಾಯಿ ಶುರುಮಾಡಬಹುದು, ‘ನನಗೆ ಹೊರಗೆ ಹೋಗೋಕೆ ಆಗ್ತಿಲ್ಲ’ ಎಂದು ಹುಡುಗನೇ ಶುರುಮಾಡಬಹುದು. ಮುಂದಿನ ಪ್ರಶ್ನೆಗಳನ್ನು ಆ ಕಡೆಯಿಂದ ಅವರೇ ಕೇಳುತ್ತಾರೆ.